ಬಾಗಿಲು ಎಳೆಯುವ ಮೇಜು

ನಮ್ಮ ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಯಾವಾಗಲೂ ಬರ. ಹಾಗಾಗಿ ನಾನು ತುಂಡು ತುಣುಕುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಹಾಕಿಕೊಂಡು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತೇನೆ. ಮೊನ್ನೆ ಹತ್ತನೆಯ ತರಗತಿಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆ ಬಾ ಎಂದು ಒಬ್ಬ ಹುಡುಗಿಯನ್ನು ಕರೆದೆ. ಅವಳು ಡಬ್ಬಿಯೊಳಗೆ ಕೈಹಾಕಿ, ಮೇಲಿನವನ್ನೆಲ್ಲ ಬಿಟ್ಟು, ತಳದಲ್ಲಿದ್ದ ಒಂದು ನೀಲಿ ಚೌಕ ತುಣುಕನ್ನೇ ಹೆಕ್ಕಿದಳು. ಹಲಗೆಯ ಮೇಲೆ ಎಷ್ಟು ತಿಕ್ಕಿದರೂ ಸರಿಯಾಗಿ ಒಂದು ಗೆರೆ ಮೂಡಲಿಲ್ಲ.

"ಟೀಚರ್, ಇದು ಬರಿಯಂಗಿಲ್ರಿ. ನಡುವ ತಗ್ಗ ಬಿದ್ದೈತಿ."

"ಅದು ಬರಿಯೂ ಚಾಕ್ ಅಲ್ಲವ್ವಾ. ಇತ್ಲಾಗ ಕೊಡು."

"ಮತ್ತ ಏನ್ ಮಾಡೂದ್ರಿ ಅದು?"

ಏನಂತ ಹೇಳಲಿ? ಪೂಲ್ ಆಡುವ ಕೋಲಿನ ಮೂಗಿಗೆ ಹಚ್ಚುವುದು, ಹಚ್ಚದಿದ್ದರೆ ಕೋಲು ಚೆಂಡಿನ ಮೇಲೆ ಜಾರುತ್ತದೆ ಎಂದು ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ನಿಮಗ ಹೆಂಗ ಗೊತ್ರಿ? ರಾಯಬಾಗದ ಈ ಶಾಲೆಯಲ್ಲಿ ನಾನು ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ, ಲೆಕ್ಕ ತಪ್ಪಿದರೆ ಸಿಡುಕುವ ಗಣಿತದ ಟೀಚರು. ಇವಳು ಒಂದು ಕಾಲದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಿದ್ದಳೆಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನೀವೂ ನಗುತ್ತಿದ್ದೀರಿ, ಗೊತ್ತು ನನಗೆ. ನಗ್ರಿ. ನನಗೆ ಮಾತ್ರ ಆ ನೀಲಿ ತುಣುಕು ಕೈಗೆ ಬಂದರೆ ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ ನೆನಪಾಗುತ್ತದೆ.

ವೈನಿಯ ಬಗ್ಗೆ ಹೇಳುವ ಮೊದಲು ನಮ್ಮ ಅಣ್ಣನ ಬಗ್ಗೆ ಹೇಳಬೇಕು. ಅವನ ಹೆಸರು ರಾವಸಾಹೇಬ. ಹೆಸರು ದೊಡ್ಡದು, ಧಂದೆಗಳೆಲ್ಲ ಸಣ್ಣವು. ಚಿಕ್ಕೋಡಿಯಲ್ಲಿ ಟೆಲಿಫೋನ್ ಬೂತ್ ಹಾಕಿದ, ಹಾಕಿದ ಮೇಲೆ ಊರಿನವರ ಕೈಗೆಲ್ಲ ಮೊಬೈಲ್ ಬಂತು. ಸಿನಿಮಾದ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಇಟ್ಟ, ಜನ ಆ ಮೊಬೈಲಿನಲ್ಲೇ ಸಿನಿಮಾ ನೋಡತೊಡಗಿದರು. ಆಗ ಮಿರಜದಲ್ಲಿ ಯಾರೋ ಹಳೆಯ ಪೂಲ್ ಟೇಬಲ್ ಮಾರುತ್ತಿದ್ದಾರೆಂದು ಸುದ್ದಿ ಸಿಕ್ಕಿತು. ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದೇಬಿಟ್ಟ. ಅವ್ವ ಓಣಿಗೆ ಬಂದು ಟೆಂಪೋದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಯವ್ವಾ, ಇಷ್ಟ ದೊಡ್ಡ ಪಲ್ಲಂಗ ಯಾರಿಗೋ? ಅದರಾಗ ತೂತ ಬ್ಯಾರೆ ಬಿದ್ದಾವಲ್ಲೋ! ತೂತ ಇದ್ದದ್ದ ಯಾಕ ತಂದಿ?"

"ತೂತಿಗೇ ರೊಕ್ಕ ಕೊಟ್ಟೀನಿ ಬೇ," ಎಂದ ಅಣ್ಣ.

ಮೇಜನ್ನು ಮನೆಯ ಹಿತ್ತಲಿಗೆ ತಾಗಿದ್ದ ಅಪ್ಪನ ಹಳೆಯ ಗೊಬ್ಬರದ ಗೋದಾಮಿನಲ್ಲಿ ಇಳಿಸಿದರು. ಅಪ್ಪ ತೀರಿಕೊಂಡ ಮೇಲೆ ಅದು ಖಾಲಿ ಬಿದ್ದಿತ್ತು. ಅಪ್ಪ ಅದನ್ನು ಕಟ್ಟಿಸುವಾಗ ಗೌಂಡಿಯ ತಲೆಯ ಮೇಲೆ ಕೂತು ನೆಲಕ್ಕೆ ಇಳಿಜಾರು ಕೊಡಿಸಿದ್ದ. ನಮ್ಮ ಕಡೆ ಅದಕ್ಕೆ ಢಾಳ ಅನ್ನುತ್ತಾರೆ. ಗೊಬ್ಬರ ಚೆಲ್ಲಿದ ನೆಲಕ್ಕೆ ಎರಡು ಕೊಡ ನೀರು ಸುರುವಿದರೆ ಸಾಕು, ಹಿಂದಿನ ಗೋಡೆಯಿಂದ ಹೊರಟ ನೀರು ತಾನಾಗಿ ಓಣಿಯ ಕಡೆಯ ಮುಂಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಬಂದವರಿಗೆಲ್ಲ ಅವ್ವ ಈ ಢಾಳದ ಮಹಿಮೆಯನ್ನು ಹೇಳದೆ ಬಿಡುತ್ತಿರಲಿಲ್ಲ. ಮಿರಜದ ಟೆಂಪೋದವರು ಹಸಿರು ಬಟ್ಟೆಯಡಿಯ ಕಲ್ಲಿನ ಹಾಸು ಕೂಡಿಸಿ, ಕಾಲು ಬಿಗಿದು, ಮೇಜಿನ ಮೇಲೆ ಎರಡೂ ಕೈ ಊರಿ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. "ಗಟ್ಟಿ ಕುಂತೈತ್ರಿ" ಎಂದು ಚಹಾ ಕುಡಿದು ಹೋದರು.

ಇಷ್ಟು ಓದುವಷ್ಟರಲ್ಲಿ ನಿಮಗೆ ವಿಷಯ ತಿಳಿದುಹೋಗಿರುತ್ತದೆ. ನಮಗೆ ತಿಳಿಯಲಿಲ್ಲ. ಆಡಲು ಬಂದ ಹುಡುಗರು ಮೊದಲ ವಾರದಲ್ಲೇ ಒಂದು ಸಂಗತಿ ಕಂಡುಹಿಡಿದರು. ಚೆಂಡು ಎಲ್ಲಿಂದ ಹೊಡೆದರೂ ಕೊನೆಗೆ ಸ್ವಲ್ಪ ಬಾಗಿಲಿನ ಕಡೆ ಸರಿಯುತ್ತಿತ್ತು. "ಬಾಗಲಾ ಎಳೀತೈತಿ ಲೇ, ನೋಡಿ ಹೊಡಿ" ಎಂದು ಒಬ್ಬನಿಗೊಬ್ಬ ಹೇಳಿಕೊಳ್ಳತೊಡಗಿದರು. ಸದಲಗಾದಿಂದ ಬಂದವನಿಗೆ ಚಿಕ್ಕೋಡಿಯವನು ಹೇಳಿದ, ಐನಾಪುರದಿಂದ ಬಂದವನಿಗೆ ಸದಲಗಾದವನು ಹೇಳಿದ. ಹೀಗೆ ಅದು ಆಟದ ನಿಯಮವೇ ಆಗಿಹೋಯಿತು. ನಾವ್ಯಾರೂ ಇನ್ನೊಂದು ಪೂಲ್ ಟೇಬಲ್ ಕಂಡವರಲ್ಲ. ಈ ಜಾತಿಯ ಮೇಜುಗಳೇ ಹೀಗೆ, ಮುಂಬಾಗಿಲು ಎಲ್ಲಿದೆಯೋ ಅತ್ತ ಎಳೆಯುತ್ತವೆ ಎಂದು ನಂಬಿದೆವು. ನಾನು ಆಗ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಓದುತ್ತಿದ್ದೆ. ಇಳಿಜಾರಿನ ಮೇಲೆ ಉರುಳುವ ಗುಂಡಿನ ಲೆಕ್ಕವನ್ನು ಪರೀಕ್ಷೆಯಲ್ಲಿ ಬಿಡಿಸಿ ಪೂರ್ತಿ ಅಂಕ ತೆಗೆದುಕೊಂಡವಳು. ಅದೇ ಗುಂಡು ದಿನಾ ಕಣ್ಣೆದುರಿಗೆ ಉರುಳುತ್ತಿತ್ತು. ಸರಸ್ವತಿ ನನ್ನ ತಲೆಯಲ್ಲಿ ಎಷ್ಟು ದಿನ ಬಿಡಾರ ಹೂಡಿದ್ದಳು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಇನ್ನು ವೈನಿ. ಹೆಸರು ಕಸ್ತೂರಿ, ಕೃಷ್ಣಾ ದಂಡೆಯ ಜುಗೂಳದವಳು. ನನಗಿಂತ ಸ್ವಲ್ಪವೇ ದೊಡ್ಡವಳು. ಮದುವೆಯಾಗಿ ಬಂದ ಹೊಸದರಲ್ಲಿ ಮಾತು ಕಡಿಮೆ, ಕೆಲಸ ಜಾಸ್ತಿ. ಆಮೇಲೆ ಮಾತೂ ಜಾಸ್ತಿ ಆಯಿತು. ಪೂಲ್ ಅಂಗಡಿಯ ಕಸ ಹೊಡೆಯುವುದು, ಹಸಿರು ಬಟ್ಟೆಗೆ ಬ್ರಶ್ ಎಳೆಯುವುದು, ಚೆಂಡು ಒರೆಸುವುದು ಅವಳ ಪಾಲಿಗೆ ಬಂತು. ಅಣ್ಣ ಮಧ್ಯಾಹ್ನ ಶಟರ್ ಇಳಿಸಿ ಮನೆಗೆ ಬಂದು ಉಂಡು ಮಲಗುತ್ತಿದ್ದ. ಆ ಹೊತ್ತಿನಲ್ಲಿ ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಒಂದು ದಿನ ಅವಳನ್ನು ಕರೆಯಲು ಹೋದ ನಾನು ನೋಡುತ್ತೇನೆ, ವೈನಿ ಕಸಬರಿಗೆಯನ್ನು ತಿರುವಿ ಹಿಡಿದು ಅದರ ಹಿಡಿಯಿಂದ ಬಿಳಿ ಚೆಂಡನ್ನು ಹೊಡೆಯುತ್ತಿದ್ದಾಳೆ! ಬಿಳಿ ಚೆಂಡು ಹೋಗಿ ಹಳದಿಗೆ ಬಡಿಯಿತು, ಹಳದಿ ಸೀದಾ ಮೂಲೆಯ ಪಾಕೆಟ್ಟಿಗೆ ಬಿತ್ತು. ನನ್ನನ್ನು ಕಂಡದ್ದೇ ಕಸಬರಿಗೆ ಬೆನ್ನ ಹಿಂದೆ ಹೋಯಿತು.

"ಸುನಂದಾ, ಅತ್ತೀಗೆ ಹೇಳಬ್ಯಾಡ."

"ಹೇಳಂಗಿಲ್ಲ ವೈನಿ. ಆದ್ರ ಕಸಬರಿಗಿ ಬಿಡ್ರಿ, ಸ್ಟಿಕ್ ತಗೋರಿ. ಲಕ್ಷ್ಮೀಗೆ ಸಿಟ್ಟ ಬರ್ತೈತಿ."

ಅಲ್ಲಿಂದ ಶುರು. ದಿನಾ ಮಧ್ಯಾಹ್ನ ಅಣ್ಣನ ಗೊರಕೆ ಕೇಳಿಸಿದ್ದೇ ತಡ, ನಾವಿಬ್ಬರೂ ಹಿತ್ತಲಿನಿಂದ ಗೋದಾಮಿಗೆ. ಶಟರ್ ಕೆಳಗೇ ಇರುತ್ತಿತ್ತು, ಒಂದು ಟ್ಯೂಬ್‌ಲೈಟ್ ಹಾಕಿಕೊಳ್ಳುತ್ತಿದ್ದೆವು. ಒಳಗೆ ಹಬೆಯಾಡುವಷ್ಟು ಸೆಕೆ. ಫ್ಯಾನ್ ಹಾಕಿದರೆ ಸದ್ದಾಗುತ್ತದೆಂದು ಅದನ್ನೂ ಹಾಕುತ್ತಿರಲಿಲ್ಲ.

ಗುರಿ ಹಿಡಿಯುವುದನ್ನು ನಾನು ಅವಳಿಗೆ ಕಲಿಸಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅರ್ಧ ನಿಜ. ನನ್ನದು ಪುಸ್ತಕದ ಬುದ್ಧಿ. ಹಳದಿ ಚೆಂಡು ಪಾಕೆಟ್ಟಿಗೆ ಹೋಗಬೇಕೆಂದರೆ ಅದರ ಹಿಂದೆ, ಅದಕ್ಕೆ ತಾಗಿಕೊಂಡು, ಇಲ್ಲದ ಒಂದು ಬಿಳಿ ಚೆಂಡನ್ನು ಕಲ್ಪಿಸಿಕೊಳ್ಳಬೇಕು. ಇರುವ ಬಿಳಿ ಚೆಂಡನ್ನು ಆ ಇಲ್ಲದ ಚೆಂಡಿನ ಜಾಗಕ್ಕೆ ಕಳಿಸಬೇಕು. ಇದನ್ನು ನಾನು ಬಹಳ ಗಂಭೀರವಾಗಿ ವಿವರಿಸಿದೆ.

"ಇಲ್ಲದ ಚೆಂಡು ಹೆಂಗ ಕಾಣ್ತೈತಿ ಬೇ? ನಿನಗ ಕಾಣ್ತೈತೇನು?" ಎಂದಳು ವೈನಿ.

ನನಗೂ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವಳು ಸ್ವಲ್ಪ ಯೋಚಿಸಿ, ಇನ್ನೊಂದು ಚೆಂಡು ತಂದು ಹಳದಿಯ ಬೆನ್ನಿಗೆ ನಿಜವಾಗಿಯೇ ತಾಗಿಸಿ ಇಟ್ಟಳು. ಬಗ್ಗಿ ಅದನ್ನು ನೋಡಿದಳು. ಆಮೇಲೆ ಅದನ್ನು ಎತ್ತಿ ಬದಿಗಿಟ್ಟು, ಅದು ಇದ್ದ ಜಾಗದಿಂದ ಕಣ್ಣು ಕೀಳದೆ ಹೊಡೆದಳು. ಹೀಗೆ ಇಟ್ಟು, ತೆಗೆದು, ಹೊಡೆದು ಒಂದು ತಿಂಗಳಾಗುವಷ್ಟರಲ್ಲಿ ಇಡದೆಯೇ ಅವಳಿಗೆ ಇಲ್ಲದ ಚೆಂಡು ಕಾಣತೊಡಗಿತು. ಹುಡುಗಿಯಾಗಿದ್ದಾಗ ಜುಗೂಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಜೋಳದ ತೆನೆ ಕಾಯ್ದವಳು ಅವಳು. ಕಣ್ಣು ಕೈ ಎರಡೂ ಮೊದಲೇ ಪಳಗಿದ್ದವು.

ಬಾಗಿಲಿನ ಎಳೆತಕ್ಕೆ ವೈನಿ ತನ್ನದೇ ಒಂದು ಅಳತೆ ಮಾಡಿಕೊಂಡಳು. ಹುಡುಗರು ಸುಮ್ಮನೆ ಅಂದಾಜಿನಿಂದ ಸ್ವಲ್ಪ ಆಚೆ ಹೊಡೆಯುತ್ತಿದ್ದರು. ಇವಳದು ಕಾಳಿನ ಲೆಕ್ಕ. ಬಿರುಸಾಗಿ ಹೊಡೆದರೆ ಬಾಗಿಲಿಗೆ ಎಳೆಯಲು ಪುರಸೊತ್ತಿಲ್ಲ, ಅದಕ್ಕೆ ಒಂದು ಎಳ್ಳು ಬಿಟ್ಟರೆ ಸಾಕು. ಸಾಧಾರಣ ಹೊಡೆತಕ್ಕೆ ಒಂದು ಜೋಳದ ಕಾಳು. ಮೆಲ್ಲಗೆ ನೂಕುವ ಹೊಡೆತಕ್ಕೆ ಒಂದು ಕಡಲೆಕಾಳು. ಅಷ್ಟು ಅಗಲ ಬಾಗಿಲಿನ ಎದುರು ದಿಕ್ಕಿಗೆ ಬಿಟ್ಟು ಗುರಿ ಹಿಡಿಯಬೇಕು. ನಾನು ತಪ್ಪಿಸಿದರೆ ಅವಳು ಮೇಜಿನ ಆ ತುದಿಯಿಂದ, "ಜ್ವಾಳದ ಜಾಗಾದಾಗ ಕಡ್ಲಿ ಬಿಟ್ಟಿ ನೋಡ" ಎನ್ನುತ್ತಿದ್ದಳು. ಅವಳು ಹೇಳಿದ್ದು ಒಂದು ದಿನವೂ ಸುಳ್ಳಾಗುತ್ತಿರಲಿಲ್ಲ.

ಈ ಸುಖ ಅವ್ವನಿಗೆ ತಿಳಿಯದೆ ಎಷ್ಟು ದಿನ ನಡೆದೀತು? ಒಂದು ದಿನ ಮೊರದಲ್ಲಿ ತೊಗರಿಬೇಳೆ ಹಿಡಿದುಕೊಂಡು ಹಿತ್ತಲ ಬಾಗಿಲಿನಲ್ಲಿ ಪ್ರತ್ಯಕ್ಷವಾದಳು. ಅವ್ವ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತು ಬೇಳೆ ಆರಿಸತೊಡಗಿದಳು. ನಾನು ಕೋಲಿನ ಮೇಲೆ ಗದ್ದ ಊರಿ ಬಗ್ಗಿದ್ದನ್ನು ನೋಡಿ, "ಹೊರಗ ಹೋಗುವಾಗ ತಲಿ ತಗ್ಗಿಸಿ ನಡಿ ಅಂದ್ರ ಒಂದಿನಾ ಕೇಳಲಿಲ್ಲ. ಇಲ್ಲಿ ನೋಡ ಹೆಂಗ ತಗ್ಗಿಸ್ಯಾಳ" ಎಂದಳು. ಅಂದಿನಿಂದ ಅವ್ವ ನಮ್ಮ ಕಾವಲುಗಾತಿ. ಯಾರಾದರೂ ಬರುವ ಸುಳಿವು ಸಿಕ್ಕರೆ ಮೊರ ಕುಟ್ಟುತ್ತಿದ್ದಳು.

ಮೊರದ ಸದ್ದಿಗೇ ಒಂದು ಮಧ್ಯಾಹ್ನ ಅಣ್ಣನಿಗೆ ಎಚ್ಚರವಾಯಿತು. ಬಂದು ನೋಡಿದ. ಹೆಂಡತಿ, ತಂಗಿ, ತಾಯಿ, ಮೂವರೂ ತನ್ನ ಅಂಗಡಿಯಲ್ಲಿ! ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ವೈನಿ ಬಗ್ಗಿದವಳು ಬಗ್ಗಿದ ಹಾಗೇ ಮೆಲ್ಲಗೆ ಒಂದು ಚೆಂಡು ನೂಕಿದಳು. ಅದು ಮೇಜಿನ ಉದ್ದಕ್ಕೂ ಉರುಳಿ, ಕೊನೆಯಲ್ಲಿ ಬಾಗಿಲಿನತ್ತ ಸರಿದು, ಮೂಲೆಯಲ್ಲಿ ಬಿತ್ತು. ಅಣ್ಣನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಇನ್ನೊಮ್ಮೆ ಹೊಡಿ ನೋಡೂಣು."

ಹೊಡೆದಳು. ಬಿತ್ತು.

ನಮ್ಮ ಅಣ್ಣ ಕೆಟ್ಟವನಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ದಿನದಿಂದ ಅವನೂ ಆಗಾಗ ಮಧ್ಯಾಹ್ನದ ನಿದ್ದೆ ಬಿಟ್ಟು ಹೆಂಡತಿಯ ಜೊತೆ ಆಡಿ, ಸೋತು, ನಗುತ್ತಾ ಹೋಗಿ ಶಟರ್ ಎತ್ತುತ್ತಿದ್ದ. ಆದರೆ ವೈನಿಗೆ ಅಷ್ಟಕ್ಕೇ ತೃಪ್ತಿಯಿರಲಿಲ್ಲ. ಅವಳಿಗೆ ಶಟರ್ ಎತ್ತಿ ಆಡಬೇಕಿತ್ತು. ಗಾಳಿ ಬೆಳಕು ಬರುವಾಗ, ಫ್ಯಾನ್ ಹಾಕಿಕೊಂಡು, ಓಣಿಯಲ್ಲಿ ಹೋಗುವವರು ಹೋಗುತ್ತಿರುವಾಗ. ನಮ್ಮ ಓಣಿಯ ಕಾಲೇಜು ಹುಡುಗಿಯರು ಹುಡುಗರಿಲ್ಲದ ಹೊತ್ತು ನೋಡಿ ಒಳಗೆ ಇಣುಕಿ ಹೋಗುವುದನ್ನು ಅವಳು ಕಂಡಿದ್ದಳು. ಒಂದು ದಿನ ಅಣ್ಣನಿಗೆ ಊಟ ಬಡಿಸುತ್ತಾ ಕೇಳಿಯೇಬಿಟ್ಟಳು.

"ಸಂಜೀಕ ಒಂದ ತಾಸು ಹೆಣ್ಮಕ್ಕಳಿಗೆ ಬಿಡ್ರಿ. ನಾ ಕಲಸ್ತೀನಿ. ಸುನಂದಾ ಇರ್ತಾಳ, ಅತ್ತಿ ಇರ್ತಾರ."

ಅಣ್ಣ ತುತ್ತು ಹಿಡಿದುಕೊಂಡೇ ಕೂತ. "ಮಂದಿ ಏನಂತಾರ?"

"ಏನಂತಾರ? ಚಲೋ ಆಡ್ತಾಳಂತಾರ."

ಅಣ್ಣನಿಗೆ ಇಲ್ಲ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ. ಆಗ ಅವನಿಗೆ ನಿಪ್ಪಾಣಿಯ ಮದುವೆ ನೆನಪಾಯಿತು. ನಮ್ಮ ಸೋದರಮಾವನ ಮಗನ ಮದುವೆ ಹೆದ್ದಾರಿಯ ಬದಿಯ ಒಂದು ದೊಡ್ಡ ಹೋಟೆಲಿನ ಹಾಲ್‌ನಲ್ಲಿತ್ತು. ಆ ಹೋಟೆಲಿನಲ್ಲಿ ಒಂದು ಪೂಲ್ ಟೇಬಲ್ ಇದೆಯೆಂದು ಅವನು ಕೇಳಿದ್ದ. "ಅಲ್ಲಿ ನಮ್ಮ ಮಂದಿ ಎಲ್ಲಾರೂ ಬರ್ತಾರ. ಅವರ ಮುಂದ ಒಂದ ಆಟ ಆಡಿ ತೋರಸು. ಮಂದಿ ಬಾಯಾಗ ಭೇಷ್ ಅಂತ ಬಂತಂದ್ರ ಸಂಜಿ ತಾಸು ನಿಂದ," ಎಂದ.

ವೈನಿ ಆ ದಿನ ಮಾಡಿದ ಹೋಳಿಗೆಯಲ್ಲಿ ಸಕ್ಕರೆ ಸ್ವಲ್ಪ ಹೆಚ್ಚೇ ಆಗಿತ್ತು.

ಅಭ್ಯಾಸ ಮಾಡಿಸುವುದರಲ್ಲಿ ನನ್ನದು ಎತ್ತಿದ ಕೈ. ಆಟ ಆಡುತ್ತಾ ಕೂತರೆ ಅಭ್ಯಾಸ ಆಗುವುದಿಲ್ಲ, ಅಭ್ಯಾಸವನ್ನೇ ಮಾಡಬೇಕು ಎಂದು ನಿಯಮ ಮಾಡಿದೆ. ದರ್ಜಿಯ ಸುಣ್ಣದಿಂದ ಹಸಿರು ಬಟ್ಟೆಯ ಮೇಲೆ ಸಣ್ಣ ಗುರುತು ಹಾಕಿದೆ. ಬಿಳಿ ಚೆಂಡು ಇಲ್ಲಿ, ಹೊಡೆಯುವ ಚೆಂಡು ಇಲ್ಲಿ. ಒಂದೇ ಹೊಡೆತವನ್ನು ತಪ್ಪದೆ ಬೀಳುವವರೆಗೂ ಹೊಡೆಯಬೇಕು, ಆಮೇಲೆಯೇ ಮುಂದಿನದು. ಹೊಡೆದ ಮೇಲೆ ಚೆಂಡು ಬೀಳುವವರೆಗೂ ತಲೆ ಎತ್ತಕೂಡದು. ಎಡಗೈಯ ಬೆರಳು ಮೇಜಿಗೆ ಬಿಗಿಯಾಗಿ ಊರಿರಬೇಕು, ಬಲಗೈ ಮಾತ್ರ ತೂಗಬೇಕು. ವೈನಿ ಹೇಳಿದ್ದನ್ನೆಲ್ಲ ಮಾಡಿದಳು. ಮದುವೆ ಹತ್ತಿರ ಬಂದಾಗ ಆ ಗುರುತುಗಳಿಂದ ಅವಳ ಹೊಡೆತ ತಪ್ಪುವುದನ್ನು ನೋಡುವುದೇ ಅಪರೂಪವಾಯಿತು. ನನ್ನ ವಿಧಾನವನ್ನು ನಾನೇ ಮೆಚ್ಚಿಕೊಂಡೆ.

ಈಗ ನಮ್ಮ ಶಾಲೆಯ ಮಕ್ಕಳನ್ನು ನೋಡುತ್ತೇನೆ. ಪುಸ್ತಕದ ಲೆಕ್ಕಗಳನ್ನೆಲ್ಲ ನಿದ್ದೆಯಲ್ಲೂ ಬಿಡಿಸುತ್ತಾರೆ. ಅದೇ ಲೆಕ್ಕದಲ್ಲಿ ರೈಲನ್ನು ತೆಗೆದು ಎತ್ತಿನ ಗಾಡಿ ಇಟ್ಟರೆ, "ಇದು ನಮಗ ಕಲಿಸಿಲ್ರಿ" ಎನ್ನುತ್ತಾರೆ. ನನ್ನ ಸಹೋದ್ಯೋಗಿಗಳು ಮಕ್ಕಳನ್ನು ಬೈಯುತ್ತಾರೆ. ನನಗೆ ಬೈಯಲು ಬಾಯಿ ಬರುವುದಿಲ್ಲ. ಒಂದೇ ಪುಸ್ತಕ ಕೊಟ್ಟವರು ನಾವು. ಪರೀಕ್ಷೆಗೆ ಕೂರುವವರೆಗೂ ಆ ಮಕ್ಕಳಿಗಾದರೂ ಹೇಗೆ ಗೊತ್ತಾಗಬೇಕು?

ಮದುವೆಯ ದಿನ ಅಕ್ಷತೆ ಬಿದ್ದು ಊಟ ಶುರುವಾಗುವ ಮುಂಚೆ ಅಣ್ಣ ಹತ್ತಾರು ಜನರನ್ನು ಕಟ್ಟಿಕೊಂಡು ಪೂಲ್ ಟೇಬಲ್ ಇದ್ದ ಕೋಣೆಗೆ ಬಂದ. ಹೆಂಗಸರೂ ಬಂದರು. ಬೀಗರ ಕಡೆಯ ಒಬ್ಬ ವಕೀಲರು ಚೆನ್ನಾಗಿ ಆಡುತ್ತಾರಂತೆ, ಅವರೇ ಎದುರಾಳಿ. ವೈನಿ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಅವಳ ಮುಖ ಕೆಂಪೇರಿತ್ತು, ಆದರೆ ಕೋಲಿನ ಮೂಗಿಗೆ ನೀಲಿ ಚಾಕನ್ನು ನಿಧಾನವಾಗಿ ತಿಕ್ಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕೋಣೆಯನ್ನೊಮ್ಮೆ ನೋಡಿ ಅವಳು ನನ್ನ ಕಿವಿಯಲ್ಲಿ ಕೇಳಿದಳು.

"ಸುನಂದಾ, ಇಲ್ಲಿ ಎರಡ ಬಾಗಲಾ ಅದಾವ. ಮುಂಬಾಗಲಾ ಯಾವದು?"

ಹೌದು. ನಾವು ಒಳಗೆ ಬಂದ ಸಣ್ಣ ಬಾಗಿಲು ಒಂದು ಕಡೆ. ಎದುರಿನ ಗೋಡೆಗೆ ತೋಟದ ಕಡೆ ತೆರೆಯುವ ದೊಡ್ಡ ಗಾಜಿನ ಬಾಗಿಲು. "ನಾವು ಬಂದದ್ದನ್ನ ಹಿಡೀರಿ," ಎಂದೆ ನಾನು, ಬಹಳ ತಿಳಿದವಳ ಹಾಗೆ.

ವಕೀಲರು ಆಟ ಶುರು ಮಾಡಿ ಒಂದು ಚೆಂಡು ಹಾಕಿ ಇನ್ನೊಂದು ತಪ್ಪಿಸಿದರು. ವೈನಿಯ ಸರದಿ. ಅವಳಿಗೆ ಸಿಕ್ಕಿದ್ದು ಮೂಲೆಗೆ ಹೋಗುವ ಸುಲಭದ ಚೆಂಡು. ನಮ್ಮ ಮೇಜಿನ ಮೇಲಾಗಿದ್ದರೆ ಮಾತಾಡುತ್ತಾ ಹಾಕುತ್ತಿದ್ದಳು. ಬಗ್ಗಿದಳು. ಸಣ್ಣ ಬಾಗಿಲಿನ ಎದುರು ದಿಕ್ಕಿಗೆ ಸರಿಯಾಗಿ ಒಂದು ಜೋಳದ ಕಾಳಷ್ಟು ಬಿಟ್ಟಳು, ನಾನು ಕಣ್ಣಾರೆ ಕಂಡೆ. ಹೊಡೆದಳು. ಚೆಂಡು ಸೀದಾ ಹೋಗಿ, ಎಲ್ಲಿಗೂ ಸರಿಯದೆ, ಪಾಕೆಟ್ಟಿನ ತುಟಿಗೆ ಬಡಿದು ನಿಂತಿತು. ಗಾಜಿನ ಬಾಗಿಲಿನ ಕಡೆಯ ತುಟಿಗೆ.

"ಅರೆರೆ!" ಎಂದರು ಜನ.

ಮುಂದಿನ ಸರದಿ ಬರುವಷ್ಟರಲ್ಲಿ ನಾನು ಲೆಕ್ಕ ಹಾಕಿ ಮುಗಿಸಿದ್ದೆ. "ವೈನಿ, ಇಲ್ಲಿ ದೊಡ್ಡ ಬಾಗಲಾ ಎಳೀತೈತಿ. ಅದರ ಎದುರಿಗೆ ಬಿಡ್ರಿ. ಬಾಗಲಾ ದೊಡ್ಡದೈತಿ, ಕಡ್ಲೀನ ಬಿಡ್ರಿ," ಎಂದು ಪಿಸುಗುಟ್ಟಿದೆ. ನಾನು, ಗಣಿತದ ಪದವೀಧರೆ. ಅವಳು ನನ್ನನ್ನು ನಂಬಿದಳು. ಕಡಲೆಕಾಳಷ್ಟು ಬಿಟ್ಟಳು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಲ ಚೆಂಡು ಸಣ್ಣ ಬಾಗಿಲಿನ ಕಡೆ ಇನ್ನೂ ದೂರ ಹೋಯಿತು. ಪಾಕೆಟ್ಟಿನ ತುಟಿಯೂ ಸಿಗಲಿಲ್ಲ.

ಜನರಲ್ಲಿ ಯಾರೋ ಕಿಸಕ್ಕೆಂದರು. ವೈನಿ ನೆಟ್ಟಗೆ ನಿಂತು ಆ ಬಾಗಿಲು ನೋಡಿದಳು, ಈ ಬಾಗಿಲು ನೋಡಿದಳು. ಮೂರನೆಯ ಸರದಿಗೆ ಬಗ್ಗಿದವಳು ಹೊಡೆಯದೆ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದಳು.

"ಯಾವ ಬಾಗಲಾ ಎಳ್ಯಾಕತ್ತೈತಿ ಬೇ?"

ಕೋಣೆಯಲ್ಲಿ ನಗೆ ಎದ್ದಿತು. ಅವರಿಗೇನು ಗೊತ್ತು ನಮ್ಮ ಬಾಗಿಲಿನ ಪುರಾಣ? ವಕೀಲರು, "ಬಾಗಲಾ ಯಾಕ್ರಿ ಎಳೀತೈತಿ ತಾಯಿ, ಊಟದ ಹಾಲ್ ಎಳ್ಯಾಕತ್ತಿರಬೇಕು" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ನಗೆ ಇನ್ನಷ್ಟು ಜೋರಾಯಿತು. ವೈನಿ ಮೂರನೆಯದನ್ನೂ ತಪ್ಪಿಸಿದಳು. ಆಟ ಬೇಗ ಮುಗಿಯಿತು. ಅಣ್ಣ ಅವಳ ಮಾನ ಉಳಿಸಲು ಮುಂದೆ ಬಂದು, "ಮನ್ಯಾಗ ಚಲೋ ಆಡ್ತಾಳ್ರಿ, ಖರೇನ" ಎಂದ. ಅದಕ್ಕೂ ನಕ್ಕರು. ವೈನಿಯೂ ನಕ್ಕಳು. ಕೋಲನ್ನು ಅದರ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಸೆರಗು ಬಿಡಿಸಿ ತಲೆಗೆ ಹೊದ್ದುಕೊಂಡು, ಹೆಂಗಸರ ಪಂಕ್ತಿಗೆ ಹೋಗಿ ಕೂತಳು.

ಬಾಡಿಗೆ ಜೀಪಿನಲ್ಲಿ ಚಿಕ್ಕೋಡಿಗೆ ಹಿಂದಿರುಗುವಾಗ ನಾನು ಸಮಾಧಾನಕ್ಕೆಂದು ಏನೇನೋ ಅಂದೆ. ಜನ ಇದ್ದರು, ಗದ್ದಲ ಇತ್ತು, ಕೋಲು ಹೊಸದು. ಅವಳು ನನ್ನ ಕೈ ಮೇಲೆ ಕೈ ಇಟ್ಟಳು.

"ಬಿಡ ಸುನಂದಾ. ನನಗ ಬರೂದಿಲ್ಲ. ನೀವೆಲ್ಲಾ ನನ್ನ ಮ್ಯಾಲಿನ ಪ್ರೀತಿಗೆ ಭೇಷ್ ಭೇಷ್ ಅಂತ ಕುಂತ್ರಿ, ನಾ ಖರೇ ಅಂತ ತಿಳಕೊಂಡೆ."

ಮರುದಿನದಿಂದ ಅವಳು ಮಧ್ಯಾಹ್ನ ಕಸ ಹೊಡೆದು, ಚೆಂಡು ಒರೆಸಿ, ಲೈಟ್ ಆರಿಸಿ ಬರತೊಡಗಿದಳು. ನಾನು ಬನ್ನಿ ಬನ್ನಿ ಎಂದು ಕೈ ಹಿಡಿದು ಜಗ್ಗಿದೆ, ಸಿಟ್ಟು ಮಾಡಿದೆ, ಎರಡು ದಿನ ಮಾತು ಬಿಟ್ಟೆ. ಆದರೆ ನನಗೇ ಮನಸ್ಸಿನಲ್ಲಿ ಸಂಶಯವಿತ್ತು. ಬಹುಶಃ ನಮ್ಮ ಪ್ರೀತಿಯೇ ಅವಳ ಆಟವನ್ನು ದೊಡ್ಡದು ಮಾಡಿ ತೋರಿಸಿತ್ತೇನೋ ಎಂದು ನನಗೂ ಅನ್ನಿಸಿತು. ಕಲಿಸಿದವಳಿಗೇ ಹಾಗನ್ನಿಸಿದ ಮೇಲೆ ಅವಳಿಗೆ ಅನ್ನಿಸದೆ ಇದ್ದೀತೇ? ಸಂಜೆಯ ತಾಸಿನ ಮಾತನ್ನು ನನ್ನೆದುರಿಗೆ ಯಾರೂ ಎತ್ತಲಿಲ್ಲ.

ಆಮೇಲೆ ನನ್ನ ಮದುವೆಯಾಯಿತು, ಅಥಣಿಗೆ ಹೋದೆ, ನೌಕರಿ ಸಿಕ್ಕಿ ರಾಯಬಾಗಕ್ಕೆ ಬಂದೆ. ಕಾಲ ಸರಿಯಿತು. ಪೂಲ್ ಕೂಡ ಮೊಬೈಲಿನೊಳಗೇ ಹೊಕ್ಕಿತು. ಹುಡುಗರು ಅಣ್ಣನ ಅಂಗಡಿಯ ಕಟ್ಟೆಯ ಮೇಲೆ ಕೂತು, ಒಳಗಿನ ಮೇಜಿಗೆ ಬೆನ್ನು ಹಾಕಿ, ಹೆಬ್ಬೆರಳಿನಿಂದ ಚೆಂಡು ಹೊಡೆಯತೊಡಗಿದರು. ಒಂದು ವರ್ಷ ನಾನು ಪಂಚಮಿಗೆ ತವರಿಗೆ ಹೋದಾಗ ಅಣ್ಣ ಮೇಜನ್ನು ಕಾಗವಾಡದ ಒಬ್ಬರಿಗೆ ಮಾರಿದ್ದ. ಪಂಚಮಿಗೆ ವೈನಿಯೂ ತನ್ನ ತವರು ಜುಗೂಳಕ್ಕೆ ಹೋಗಿದ್ದಳು. ಮೇಜು ಬಿಚ್ಚಲು ಬಂದ ಫಿಟರ್ ಬಟ್ಟೆ ಕಿತ್ತ ಮೇಲೆ ಚೀಲದಿಂದ ಮಟ್ಟ ನೋಡುವ ರಸಮಟ್ಟ ತೆಗೆದು ಕಲ್ಲಿನ ಹಾಸಿನ ಮೇಲಿಟ್ಟ. ಅದರೊಳಗಿನ ಗುಳ್ಳೆ ನಡುವೆ ನಿಲ್ಲದೆ ಹಿಂದಿನ ಗೋಡೆಯ ಕಡೆ ಓಡಿ ಮೂಲೆ ಹಿಡಿಯಿತು.

"ಹಾಸ ಚಲೋ ಐತ್ರಿ," ಎಂದ ಅವನು. "ಆದ್ರ ನೆಲದ ಢಾಳಕ್ಕ ಮೇಜು ಬಾಗಲ ಕಡೆ ವಾಲೈತಿ. ಕಾಲಿನ ಬುಡಕ ಪಟ್ಟಿ ಕೊಟ್ಟ ಏರಿಸಿಲ್ಲ. ಇಷ್ಟ ವರ್ಷ ಇದರ ಮ್ಯಾಲ ಹೆಂಗ ಆಡಿದ್ರೀ?"

ಅಣ್ಣ ಕಾಗವಾಡದವರ ಜೊತೆ ಹೊರಗೆ ಚಹಾ ಕುಡಿಯುತ್ತಿದ್ದ. ಒಳಗೆ ನಾನೊಬ್ಬಳೇ. ನನಗೆ ನಿಪ್ಪಾಣಿಯ ಆ ಮೂರು ಹೊಡೆತಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಜೋಳದ ಕಾಳು ಬಿಟ್ಟದ್ದು, ಚೆಂಡು ಜೋಳದ ಕಾಳಿನಷ್ಟೇ ತಪ್ಪಿದ್ದು. ಕಡಲೆ ಬಿಟ್ಟದ್ದು, ಕಡಲೆಯಷ್ಟೇ ತಪ್ಪಿದ್ದು. ಆ ಹೋಟೆಲಿನ ಮೇಜು ಮಟ್ಟಸವಾಗಿತ್ತು, ಅಷ್ಟೇ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಫಿಟರ್ ಪಾಪ ಗಾಬರಿಯಾಗಿ, "ಮೇಜಿಗೆ ಏನೂ ಆಗಿಲ್ರಿ ಅಕ್ಕಾರ" ಎಂದ.

ವೈನಿ ಬರುವವರೆಗೂ ನಾನು ರಾಯಬಾಗಕ್ಕೆ ಹೊರಡಲಿಲ್ಲ. ಮರುದಿನ ಮಧ್ಯಾಹ್ನ ಬಂದಳು. ಅಡುಗೆಮನೆಯಲ್ಲಿ ತವರಿನ ಉಂಡಿಗಳನ್ನು ಡಬ್ಬಿಗೆ ತುಂಬುತ್ತಾ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಢಾಳ, ರಸಮಟ್ಟ, ಕಾಳು ಕಾಳಿನ ಲೆಕ್ಕ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಒಂದು ತಾಟನ್ನು ವಾರೆ ಮಾಡಿ ಅದರ ಮೇಲೆ ಒಂದು ಉಂಡಿ ಉರುಳಿಸಿ ತೋರಿಸಿದೆ. ತಾಟನ್ನು ಮಟ್ಟಸ ಮಾಡಿ ಇನ್ನೊಮ್ಮೆ ಉರುಳಿಸಿದೆ. ಅವಳ ಕೈ ನಿಂತಿತು.

"ಹಂಗಾದ್ರ ಅವತ್ತ ನಾ ಹೊಡದದ್ದು?"

"ಬರೋಬರಿ ಇತ್ತು ವೈನಿ. ಎಷ್ಟ ಬಿಟ್ಟಿದ್ರೋ ಅಷ್ಟ ತಪ್ಪೇತಿ. ನಿಮ್ಮ ಕೈ ಒಂದ ಕಾಳೂ ತಪ್ಪಿರಲಿಲ್ಲ."

"ಖರೇ?"

"ಅವ್ವನಾಣಿ ಖರೇ."

ಅವಳು ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು. ಅದು ಸರಿಯಾಗಿ ಕೂರಲಿಲ್ಲ. ಮತ್ತೆ ಒತ್ತಿದಳು. ಅಣ್ಣ ತನ್ನ ಮಾತು ಮರೆತನೆಂದು ನಾನು ಇಷ್ಟು ವರ್ಷ ಅವನ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ. ಅದನ್ನೂ ಹೇಳಿದೆ. ಮಂದಿ ನಕ್ಕರೆ ಏನಾಯಿತು, ಆ ಸಂಜೆಯ ತಾಸನ್ನು ಅವನು ನಿಮಗೆ ಕೊಡಬೇಕಿತ್ತು ಎಂದೆ.

ವೈನಿ ನನ್ನ ಮುಖ ನೋಡಲಿಲ್ಲ.

"ನಿಮ್ಮಣ್ಣ ಕೊಟ್ಟಿದ್ದ ಸುನಂದಾ. ಮದುವಿಂದ ಬಂದ ಮುಂದಿನ ವಾರನ, ನೀ ಮನ್ಯಾಗಿಲ್ಲದಾಗ, ಸಂಜೀಕ ಹುಡುಗರನ್ನ ಹೊರಗ ಕಳಿಸಿ, ಶಟರ್ ಎತ್ತಿ, ಬಾ ಆಡು ಅಂತ ಕರದಿದ್ದ. ಓಣಿಯ ಹುಡುಗ್ಯಾರೂ ಬಂದ ಕಟ್ಟಿ ಮ್ಯಾಲ ನಿಂತಿದ್ರು. ನಾನ ಹೋಗಲಿಲ್ಲ. ನನಗ ಬರದದ್ದು ಅವರಿಗೇನ್ ಕಲಸಲಿ ಅಂತ ಒಳಗಿಂದನ ಹೇಳಿ ಕಳಿಸಿದೆ."